ಬದಲಾಗುವ ಪೀಠ, ಬದಲಾಗುವ ಮಾನದಂಡ: ಕಿರುತೆರೆಯ ನೃತ್ಯಸ್ಪರ್ಧೆಗಳಲ್ಲಿ ತೀರ್ಪಿನ ಭಾಷೆ

ಕಿರುತೆರೆಯ ನೃತ್ಯಸ್ಪರ್ಧೆಗಳನ್ನು ಕುರಿತ ಚರ್ಚೆ ಬಹುಮಟ್ಟಿಗೆ ಗೆದ್ದವರ ಹೆಸರಿನೊಂದಿಗೆ ಮುಗಿಯುತ್ತದೆ. ತೀರ್ಪಿತ್ತವರು ಯಾರು, ಕಳೆದ ಆವೃತ್ತಿಯಲ್ಲಿ ಆ ಪೀಠದಲ್ಲಿ ಯಾರಿದ್ದರು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಆದರೆ ಈ ಪ್ರಕಾರಕ್ಕೆ ಲಕ್ಷಣಗ್ರಂಥವೆಂಬುದಿಲ್ಲ. ಕಥಕ್, ಹಿಪ್‌ಹಾಪ್, ಸಾಲ್ಸಾ, ಜನಪದ ಕುಣಿತ ಇವೆಲ್ಲ ಒಂದೇ ವೇದಿಕೆಗೆ ಬಂದಾಗ ‘ಉತ್ತಮ’ ಎಂಬ ಮಾತಿಗೆ ಅರ್ಥ ಕೊಡುವವರು ಆ ಮೂರು ನಾಲ್ಕು ಮಂದಿಯೇ. ಆದುದರಿಂದ ಪೀಠ ಬದಲಾದರೆ ಸ್ಪರ್ಧೆಯ ಅಲಿಖಿತ ನಿಯಮವೂ ಬದಲಾಗುತ್ತದೆ. ಆ ಬದಲಾವಣೆಯನ್ನು ಮಾತ್ರ ಯಾರೂ ಘೋಷಿಸುವುದಿಲ್ಲ.

ಈ ಪ್ರಕಾರದ ಮೂಲ ಮಾದರಿಯಾದ ಬಿಬಿಸಿಯ ‘ಸ್ಟ್ರಿಕ್ಟ್ಲಿ ಕಮ್ ಡಾನ್ಸಿಂಗ್’ 2004ರಲ್ಲಿ ಆರಂಭವಾಯಿತು. 2009ರಲ್ಲಿ ಹಿರಿಯ ನೃತ್ಯ ಸಂಯೋಜಕಿ ಆರ್ಲೀನ್ ಫಿಲಿಪ್ಸ್ ಅವರ ಸ್ಥಾನಕ್ಕೆ ಗಾಯಕಿ ಅಲೀಶಾ ಡಿಕ್ಸನ್ ಬಂದರು. ಡಿಕ್ಸನ್ 2007ರಲ್ಲಿ ಅದೇ ಸ್ಪರ್ಧೆಯನ್ನು ಗೆದ್ದಿದ್ದವರು. ವಯಸ್ಸಿನ ತಾರತಮ್ಯದ ಆರೋಪ ಎದ್ದಿತು. ಬಿಬಿಸಿ ಅದನ್ನು ಅಲ್ಲಗಳೆಯಿತು. ಇದರ ಹಿಂದಿ ರೂಪವಾದ ‘ಝಲಕ್ ದಿಖಲಾ ಜಾ’ದಲ್ಲಿಯೂ ಇಂಥದೇ ನಡೆ ಕಾಣುತ್ತದೆ. 2015ರಲ್ಲಿ ಮಾಧುರಿ ದೀಕ್ಷಿತ್ ಮತ್ತು ರೆಮೊ ಡಿಸೋಜಾ ಪೀಠದಲ್ಲಿರಲಿಲ್ಲ. ಎರಡು ವರ್ಷಗಳ ಹಿಂದೆ ಸ್ಪರ್ಧಿಯಾಗಿದ್ದ ಲಾರೆನ್ ಗಾಟ್ಲಿಬ್ ತೀರ್ಪುಗಾರ್ತಿಯಾದರು. ನೃತ್ಯ ವೃತ್ತಿಯವರಲ್ಲದ ನಿರ್ದೇಶಕ ಕರಣ್ ಜೋಹರ್ ಮಾತ್ರ ಉಳಿದರು. ಗುರುವಿನ ಪೀಠ ಇಲ್ಲಿ ವಾಹಿನಿಯ ಪಾತ್ರಹಂಚಿಕೆಯ ಒಂದು ಭಾಗವಾಗಿದೆ.

ಕನ್ನಡದಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಜೀ ಕನ್ನಡದ ‘ಡಾನ್ಸ್ ಕರ್ನಾಟಕ ಡಾನ್ಸ್’ ಪೀಠದಲ್ಲಿ ನಟ ವಿಜಯ ರಾಘವೇಂದ್ರ, ನಟಿ ರಕ್ಷಿತಾ, ಸಂಗೀತ ನಿರ್ದೇಶಕ ಅರ್ಜುನ್ ಜನ್ಯ ಇದ್ದ ಕಾಲವಿತ್ತು. 2022ರಲ್ಲಿ ಶಿವರಾಜ್‌ಕುಮಾರ್ ಆ ಪೀಠದ ಹಿರಿಯರಾದರು. ನೃತ್ಯ ಸಂಯೋಜಕ ಚಿನ್ನಿ ಪ್ರಕಾಶ್ ಜೊತೆಗೂಡಿದರು. ಅದೇ ವರ್ಷ ಕಲರ್ಸ್ ಕನ್ನಡದ ‘ಡಾನ್ಸಿಂಗ್ ಚಾಂಪಿಯನ್’ನಲ್ಲಿ ವಿಜಯ ರಾಘವೇಂದ್ರ ಮತ್ತು ಮೇಘನಾ ರಾಜ್ ಅವರೊಡನೆ ಸಮಕಾಲೀನ ನೃತ್ಯದ ಮಯೂರಿ ಉಪಾಧ್ಯ ಕುಳಿತರು. ತಾರೆಯ ಮೆಚ್ಚುಗೆ ಸ್ಪರ್ಧಿಗೆ ಧೈರ್ಯ ಕೊಡುತ್ತದೆ, ನೋಡುಗರ ಭಾವವನ್ನು ತಟ್ಟುತ್ತದೆ. ಹೆಜ್ಜೆ ಎಲ್ಲಿ ತಾಳ ತಪ್ಪಿತು, ಭಾರ ಯಾವ ಕಾಲಿನ ಮೇಲೆ ಬಿತ್ತು ಎಂದು ಹೇಳಬೇಕಾದವರು ಸಂಯೋಜಕರು. ಒಬ್ಬರು ಕಣ್ಣೀರಿಗೆ ಅಂಕ ಕೊಟ್ಟರೆ ಇನ್ನೊಬ್ಬರು ಕಾಲಿಗೆ ಕೊಡುತ್ತಾರೆ. ಒಂದೇ ಕುಣಿತ ಎರಡು ಪೀಠಗಳ ಎದುರು ಎರಡು ಬೆಲೆ ಪಡೆಯುವುದು ಹೀಗೆ.

ಜಳಕೋಟದಂಥ ಊರಿನಿಂದ ನೋಡಿದರೆ ಈ ಮಾತಿಗೆ ಬೇರೆಯೇ ತೂಕ ಬರುತ್ತದೆ. ಉದಗಿರ, ನಿಲಂಗಾ ತಾಲೂಕುಗಳು 1956ರ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಓದುವ ಮಗುವಿಗೆ ಎರಡೂ ಭಾಷೆಯ ವಾಹಿನಿಗಳು ಕೈಗೆಟಕುತ್ತವೆ. ಝೀ ಮರಾಠಿಯ ‘ಏಕಾಪೇಕ್ಷಾ ಏಕ್’ನಲ್ಲಿ ಸಚಿನ್ ಪಿಳಗಾಂವಕರ್ ‘ಮಹಾಗುರು’ ಎಂದೇ ಹೆಸರಾದರು; ಪೀಠದ ಸ್ಥಿರತೆ ಸ್ಪರ್ಧೆಗೂ ಒಂದು ಗುರುತನ್ನು ಕೊಟ್ಟಿತು. ಆ ಮಗುವಿನ ಪಾಲಿಗೆ ಕಲೆಯನ್ನು ಕನ್ನಡದಲ್ಲಿ ವಿಮರ್ಶಿಸುವ ಮಾತು ಕೇಳಿಸುವ ತಾಣಗಳು ಬೆರಳೆಣಿಕೆಯವು. ಅವುಗಳಲ್ಲಿ ತೀರ್ಪುಗಾರರ ಕುರ್ಚಿಯೂ ಒಂದು. ಅಲ್ಲಿಂದ ‘ಎನರ್ಜಿ’, ‘ಪರ್ಫಾರ್ಮೆನ್ಸ್’, ‘ಸೂಪರ್’ ಎಂಬಷ್ಟೇ ಮಾತು ಬಂದರೆ ಅದು ಕಲಿಯುವ ಕನ್ನಡ ಉದ್ಗಾರದ ಕನ್ನಡ ಮಾತ್ರ.

ಗಡಿಯ ಜನಕ್ಕೆ ಸ್ಪರ್ಧೆ ಹೊಸದಲ್ಲ. ಕನ್ನಡದ ಹರದೇಶಿ–ನಾಗೇಶಿ, ಮರಾಠಿಯ ತುರಾ–ಕಲಗಿ ಪರಂಪರೆಗಳಲ್ಲಿ ಶಿವಪಕ್ಷ ಹಾಗೂ ಶಕ್ತಿಪಕ್ಷದ ಮೇಳಗಳು ಸವಾಲು–ಜವಾಬಿನಲ್ಲಿ ಎದುರಾಗುತ್ತಿದ್ದವು. ಹಾಡುಗಾರರು ಬದಲಾದರೂ ಸವಾಲಿಗೆ ಜವಾಬು ಸಂದಿತೇ ಎಂಬ ಅಳತೆಗೋಲು ಕೇಳುಗರಿಗೆ ತಿಳಿದಿತ್ತು. ಕಿರುತೆರೆ ಆ ಅಳತೆಗೋಲನ್ನು ಕೇಳುಗರ ಕೈಯಿಂದ ಕುರ್ಚಿಗೆ ಒಯ್ದಿದೆ.

ತೀರ್ಪುಗಾರರು ಬದಲಾಗಬಾರದೆಂದು ಯಾರೂ ಹೇಳಲಾರರು. ಹೊಸ ಕಣ್ಣು ಬೇಕು. ಆದರೆ ಪ್ರತಿ ಪೀಠದಲ್ಲೂ ನೃತ್ಯವನ್ನು ಬಲ್ಲವರೊಬ್ಬರು ಇರಬೇಕು, ಅವರು ತೀರ್ಪಿನ ಕಾರಣವನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಕುರ್ಚಿಯಲ್ಲಿ ಯಾರೇ ಕುಳಿತರೂ ಆಗ ನೋಡುಗನ ಬಳಿ ತನ್ನದೇ ಅಳತೆಗೋಲೊಂದು ಉಳಿಯುತ್ತದೆ.