‘ನಟಿಸಿಲ್ಲ, ಬದುಕಿದ್ದಾರೆ’ ಎಂಬ ಹೊಗಳಿಕೆ

ಬೆಂಗಳೂರಿನ ಸಣ್ಣ ಸಭಾಂಗಣಗಳಲ್ಲಿ ಸ್ವತಂತ್ರ ಚಿತ್ರಗಳ ಪ್ರದರ್ಶನದ ನಂತರ ನಡೆಯುವ ಸಂವಾದಗಳಿಗೆ ಒಂದು ಸಿದ್ಧ ಕ್ರಮವಿದೆ. ದೀಪ ಹತ್ತುತ್ತದೆ, ಎರಡು ಪ್ಲಾಸ್ಟಿಕ್ ಕುರ್ಚಿ ಬರುತ್ತವೆ, ಮೈಕು ಒಂದೆರಡು ಸಲ ಕಿರುಚುತ್ತದೆ. ನಿರ್ದೇಶಕರು ಕೂತ ಮೇಲೆ ಪ್ರಶ್ನೆಗಳು ಶುರು. ಎಷ್ಟು ದಿನ ಚಿತ್ರೀಕರಣ ಮಾಡಿದಿರಿ? ಹಣ ಯಾರು ಹಾಕಿದರು? ಯಾವ ಕ್ಯಾಮೆರಾ? ಓಟಿಟಿಗೆ ಯಾವಾಗ ಬರುತ್ತದೆ? ಕೊನೆಗೆ ಯಾರಾದರೊಬ್ಬರು ಎದ್ದು ನಿಂತು ಹೇಳುತ್ತಾರೆ: ‘ಇದರಲ್ಲಿ ಯಾರೂ ನಟಿಸಿಯೇ ಇಲ್ಲ ಸರ್, ಬದುಕಿಬಿಟ್ಟಿದ್ದಾರೆ.’ ಚಪ್ಪಾಳೆ. ಅಲ್ಲಿಗೆ ಎಲ್ಲರೂ ಚಹಾದ ಕಡೆ ಹೊರಡುತ್ತಾರೆ.

ಈ ಮಾತಿಗೆ ನಾನೂ ಎಷ್ಟೋ ಸಲ ಚಪ್ಪಾಳೆ ತಟ್ಟಿದ್ದೇನೆ. ‘ಶಿವಮ್ಮ’ ನೋಡಿದ ಸಂಜೆ ಮಾತ್ರ ಕೈ ಅರ್ಧಕ್ಕೇ ನಿಂತಿತು.

ಜೈಶಂಕರ್ ಆರ್ಯರ್ ನಿರ್ದೇಶನದ ಈ ಚಿತ್ರ 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆಯಿತು, 2024ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಕತೆ ನಡೆಯುವುದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ. ಬಡ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್‌ ಜಾಲಕ್ಕೆ ಬೀಳುತ್ತಾಳೆ. ಶಕ್ತಿವರ್ಧಕ ಪಾನೀಯವೊಂದನ್ನು ಮಾರಿ ಮನೆಯ ಸ್ಥಿತಿ ಬದಲಿಸಬಹುದೆಂದು ನಂಬಿ, ಮಗಳ ಮದುವೆಯನ್ನೇ ಅಪಾಯಕ್ಕೆ ಒಡ್ಡುತ್ತಾಳೆ. ಶಿವಮ್ಮನಾಗಿ ಅಭಿನಯಿಸಿದವರು ಶರಣಮ್ಮ ಚಟ್ಟಿ. ಅವರು ವೃತ್ತಿನಟಿಯಲ್ಲ. ಆ ಕಾರಣಕ್ಕೇ ಅಂದು ಸಂಜೆಯೂ ಅದೇ ಹೊಗಳಿಕೆ ಬಂತು.

ನಾನೂ ಆ ಸೀಮೆಯವಳು. ಶಿವಮ್ಮ ಆಡುವ ಭಾಷೆ ನಮ್ಮ ಮನೆಯದು. ಸಭಾಂಗಣದಲ್ಲಿ ಕೆಲವರು ಬರೀ ಭಾಷೆಗೆ ನಗುತ್ತಿದ್ದರು. ನಾನು ನಕ್ಕಿದ್ದು ಬೇರೆ ಕಡೆ: ಮಾಲು ಮಾರಲು ಹೊರಟವಳು ಪರಿಚಯದವರ ಮುಂದೆ ದನಿ ಬದಲಿಸಿಕೊಂಡಲ್ಲಿ. ನಮ್ಮ ಓಣಿಯಲ್ಲಿ ಇಂಥ ಡಬ್ಬಿಗಳನ್ನು ಚೀಲದಲ್ಲಿ ಹೊತ್ತು ತಿರುಗಿದವರನ್ನು ನೋಡಿದ್ದೇನೆ. ದಿನಾ ನೀರು ತುಂಬುವಾಗ ಆಡುವ ದನಿಯಲ್ಲಿ ಅವರು ಮಾರುವುದಿಲ್ಲ. ಕಂಪನಿಯವರು ಹೇಳಿಕೊಟ್ಟ ದನಿ ಬೇರೆ. ಅದು ಬಾಯಿಗೆ ಇನ್ನೂ ಕೂತಿರುವುದಿಲ್ಲ. ಕೇಳುವವರಿಗೂ ಗೊತ್ತಾಗುತ್ತದೆ, ಹೇಳುವವರಿಗೂ ಗೊತ್ತಿರುತ್ತದೆ.

ಶಿವಮ್ಮ ತಾನೇ ನಟಿಸುತ್ತಿರುವ ಹೆಂಗಸು ಎಂಬುದು ಇಲ್ಲಿ ಮುಖ್ಯ. ತನಗೇ ಪೂರ್ತಿ ಖಾತ್ರಿಯಿಲ್ಲದ ನಂಬಿಕೆಯನ್ನು ಆಕೆ ಬೇರೆಯವರಲ್ಲಿ ಹುಟ್ಟಿಸಬೇಕು. ಅವಳ ಪಾತ್ರ ಮಾಡುವವರು ಶಿವಮ್ಮನನ್ನೂ ತೋರಿಸಬೇಕು, ಶಿವಮ್ಮ ಹಾಕಿಕೊಂಡ ವೇಷವನ್ನೂ ತೋರಿಸಬೇಕು, ಎರಡರ ನಡುವಿನ ಬಿರುಕನ್ನೂ ಕಾಣಿಸಬೇಕು. ಬರೀ ‘ಬದುಕುವುದರಿಂದ’ ಇದು ಆಗುವ ಕೆಲಸವಲ್ಲ. ಶರಣಮ್ಮ ಕ್ಯಾಮೆರಾದ ಮುಂದೆ ಲೆಕ್ಕ ಹಾಕಿ ಕೆಲಸ ಮಾಡಿದ್ದಾರೆ. ‘ನಟಿಸಿಲ್ಲ’ ಎಂದು ನಾವು ಮೆಚ್ಚಿಕೊಂಡಾಗ ಆ ಕೆಲಸವನ್ನೇ ಅಳಿಸಿ ಹಾಕುತ್ತೇವೆ.

ಇದು ಒಂದು ಚಿತ್ರದ ಮಾತಲ್ಲ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದು, ಮರುವರ್ಷ ಇಲ್ಲಿ ಬಿಡುಗಡೆಯಾದಾಗಲೂ ಇದೇ ಮಾತು ಕೇಳಿಬಂದಿತ್ತು. ಮಂಡ್ಯ ಜಿಲ್ಲೆಯ ಹಳ್ಳಿಯ ಜನರನ್ನೇ ಇಟ್ಟುಕೊಂಡು ಮಾಡಿದ ಚಿತ್ರ ಅದು. ಅದರ ಕತೆಯ ತಿರುಳೇ ಒಂದು ಸುಳ್ಳು. ಅಜ್ಜನ ಜಮೀನು ಮಾರುವ ಆತುರದಲ್ಲಿ ತಮ್ಮಣ್ಣ, ಬದುಕಿರುವ ಅಪ್ಪ ಗಡ್ಡಪ್ಪನನ್ನು ಕಾಗದದ ಮೇಲೆ ಸಾಯಿಸುತ್ತಾನೆ. ಸುಳ್ಳು ಹೇಳುವವನನ್ನು ಅಭಿನಯಿಸಿದ ವ್ಯಕ್ತಿಗೆ ‘ನೀನು ನೀನಾಗಿಯೇ ಇದ್ದೆ’ ಎಂದರೆ ಅದು ಹೊಗಳಿಕೆಯೋ ಬೈಗುಳವೋ? ಗಡ್ಡಪ್ಪನಾದ ಚನ್ನೇಗೌಡರಿಗೆ ಪಾತ್ರದ ಹೆಸರೇ ಅಂಟಿಕೊಂಡಿತು. ಆ ಗಡ್ಡದಾಚೆಗೆ ಅವರು ಇನ್ನೇನು ಮಾಡಬಲ್ಲರು ಎಂದು ಕೇಳಿದವರು ಕಡಿಮೆ.

ಇನ್ನೊಂದು ಉದಾಹರಣೆ ನಟೇಶ್ ಹೆಗಡೆಯವರ ಚಿತ್ರಗಳದು. ‘ಪೆದ್ರೊ’ದ ಮುಖ್ಯ ಪಾತ್ರದಲ್ಲಿರುವವರು ನಿರ್ದೇಶಕರ ತಂದೆ ಗೋಪಾಲ ಹೆಗಡೆ. ಮಲೆನಾಡಿನ ಹಳ್ಳಿಯಲ್ಲಿ ಮೊದಲೇ ಅಂಚಿನಲ್ಲಿರುವ ಒಬ್ಬ ಮನುಷ್ಯ, ಆಕಸ್ಮಿಕವಾಗಿ ಹಸುವೊಂದು ಸತ್ತ ಮೇಲೆ ಊರಿನ ಸಿಟ್ಟಿಗೆ ಗುರಿಯಾಗುವ ಕತೆ. ಅಮರೇಶ ನುಗಡೋಣಿಯವರ ಕತೆಯನ್ನು ಆಧರಿಸಿದ ‘ವಾಘಾಚಿಪಾಣಿ’ 2025ರಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಮ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಅದರಲ್ಲಿಯೂ ಗೋಪಾಲ ಹೆಗಡೆ ಇದ್ದಾರೆ, ಬೇರೆಯದೇ ಪಾತ್ರದಲ್ಲಿ. ನೀನಾಸಮ್‌ನಲ್ಲಿ ಪಳಗಿದ ಅಚ್ಯುತ್ ಕುಮಾರ್ ಕೂಡ ಅಲ್ಲಿದ್ದಾರೆ. ಒಬ್ಬರು ನಟಿಸಿದರು, ಇನ್ನೊಬ್ಬರು ಬದುಕಿದರು ಎಂದು ಹೇಳಲು ನಮ್ಮ ಬಳಿ ಇರುವ ಆಧಾರ ಅವರ ಹಿಂದಿನ ವೃತ್ತಿ ಮಾತ್ರ. ತೆರೆಯ ಮೇಲಿನದ್ದಲ್ಲ.

ತೆರೆಯನ್ನಷ್ಟೇ ನೋಡಿ ಇದನ್ನು ಹೇಳಲಾಗದು ಎಂಬುದಕ್ಕೆ ಹಳೆಯ ಸಾಕ್ಷಿಯೇ ಇದೆ. 1955ರ ‘ಪಥೇರ್ ಪಾಂಚಾಲಿ’ಯ ಮುದುಕಿ ಇಂದಿರ್ ಠಾಕ್ರೂಣ್‌ಳನ್ನು ನೋಡಿದವರು, ಹಳ್ಳಿಯಿಂದ ನೇರ ಕರೆತಂದ ಅಜ್ಜಿ ಎಂದೇ ನಂಬುತ್ತಾರೆ. ಆಕೆ ಚುನೀಬಾಲಾ ದೇವಿ, ರಂಗಭೂಮಿಯಲ್ಲಿ ದುಡಿದು ನಿವೃತ್ತರಾಗಿದ್ದ ನಟಿ. ಅದಕ್ಕೂ ಮುಂಚಿನ ‘ಬೈಸಿಕಲ್ ಥೀವ್ಸ್’ನ ನಾಯಕ ಲ್ಯಾಂಬರ್ತೊ ಮಜ್ಜೊರಾನಿ ನಿಜಕ್ಕೂ ಕಾರ್ಖಾನೆಯ ಕೆಲಸಗಾರ. ಚಿತ್ರ ಜಗತ್ಪ್ರಸಿದ್ಧವಾದ ಮೇಲೆ ಆತ ಕಾರ್ಖಾನೆಯ ಕೆಲಸ ಕಳೆದುಕೊಂಡ, ಸಿನಿಮಾದಲ್ಲಿ ಸಿಕ್ಕಿದ್ದು ಹೆಚ್ಚಾಗಿ ಸಣ್ಣಪುಟ್ಟ ಪಾತ್ರಗಳು. ತಾನಾಗಿಯೇ ಇದ್ದವನು ಎಂದು ಒಮ್ಮೆ ಹೆಸರಾದವನಿಗೆ ಇನ್ನೊಬ್ಬನಾಗುವ ಅವಕಾಶ ಯಾರು ಕೊಡುತ್ತಾರೆ? ಬದುಕುವುದಕ್ಕೆ ಸಂಭಾವನೆ ಯಾಕೆ ಎಂಬ ಲೆಕ್ಕವೂ ಈ ಹೊಗಳಿಕೆಯ ಬೆನ್ನಲ್ಲೇ ಬರುತ್ತದೆ.

ಹಾಗಾದರೆ ಸಿನಿಮಾದ ಬಗ್ಗೆ ಆಸ್ಥೆಯಿರುವ, ಭಾನುವಾರದ ಸಂಜೆ ಬಿಟ್ಟು ಬಂದ ಪ್ರೇಕ್ಷಕರೇ ಯಾಕೆ ಹೀಗೆ ಮಾತಾಡುತ್ತಾರೆ? ಒಂದು ಕಾರಣ ಸೌಜನ್ಯ. ಈ ಚಿತ್ರಗಳಿಗೆ ಮಲ್ಟಿಪ್ಲೆಕ್ಸ್‌ಗಳಲ್ಲಿ ಸಿಗುವುದು ಕೆಲವೇ ಆಟ, ಅದೂ ಬೆಳಗಿನ ಹೊತ್ತು. ಸಾಲ ಮಾಡಿ ಸಿನಿಮಾ ಮಾಡಿ, ಐವತ್ತು ಜನರ ಮುಂದೆ ಕೂತ ನಿರ್ದೇಶಕನಿಗೆ ‘ನಿಮ್ಮ ದ್ವಿತೀಯಾರ್ಧ ಸಡಿಲವಾಗಿದೆ’ ಎನ್ನಲು ಬಾಯಿ ಬರುವುದಿಲ್ಲ. ನನಗೂ ಬಂದಿಲ್ಲ. ಹಣ, ಕ್ಯಾಮೆರಾ, ದಿನಗಳ ಪ್ರಶ್ನೆಯೂ ವ್ಯರ್ಥವಲ್ಲ. ಹಿಂದಿನ ಸಾಲಿನಲ್ಲಿ ಮುಂದಿನ ಸಿನಿಮಾ ಮಾಡುವ ಹುಡುಗ ಹುಡುಗಿಯರು ಪುಸ್ತಕ ಹಿಡಿದು ಕೂತಿರುತ್ತಾರೆ, ಅವರಿಗೆ ಅದು ಬೇಕು. ಆದರೆ ಚಿತ್ರದ ಬಗೆಗಿನ ಮಾತು ಇಲ್ಲೂ ಆಗದಿದ್ದರೆ ಇನ್ನೆಲ್ಲಿ ಆಗಬೇಕು?

ಇನ್ನೊಂದು ಕಾರಣ, ನಿರ್ದೇಶಕರ ಹಾಜರಿ. ಅವರು ಎದುರಿಗಿದ್ದಾಗ ಪ್ರಶ್ನೆಗಳೆಲ್ಲ ‘ನಿಮ್ಮ ಉದ್ದೇಶವೇನಿತ್ತು’ ಎಂಬಲ್ಲಿಗೆ ಹೋಗಿ ನಿಲ್ಲುತ್ತವೆ. ಅವರು ಉತ್ತರ ಹೇಳಿದರೆಂದರೆ ಚರ್ಚೆ ಮುಗಿದಂತೆ. ಸಾಹಿತ್ಯದಲ್ಲಿ ನಾವು ಇದನ್ನು ಒಪ್ಪುವುದಿಲ್ಲ. ಕತೆಗಾರರು ಸಭೆಯಲ್ಲಿದ್ದರೂ ಕತೆಯ ಬಗ್ಗೆ ಜಗಳ ಆಡುತ್ತೇವೆ. ನಮ್ಮ ಚಿತ್ರಸಮಾಜಗಳ ಪರಂಪರೆಯೂ ಇದನ್ನು ಕಲಿಸಿರಲಿಲ್ಲ. 1971ರಲ್ಲಿ ಬೆಂಗಳೂರಿನ ಸುಚಿತ್ರಾ, 1973ರಲ್ಲಿ ಹೆಗ್ಗೋಡಿನ ನೀನಾಸಮ್ ಚಿತ್ರಸಮಾಜ ಶುರುವಾದಾಗ, ತೋರಿಸಿದ ಚಿತ್ರಗಳಲ್ಲಿ ಬಹುಪಾಲು ದೂರದ ದೇಶಗಳವು. ಕುರೊಸಾವಾ ಹೆಗ್ಗೋಡಿಗೆ ಬಂದು ಉತ್ತರ ಹೇಳುವಂತಿರಲಿಲ್ಲ. ಪುಣೆಯಿಂದ ಸತೀಶ್ ಬಹದ್ದೂರ್ ಅಂಥವರು ಬಂದು ನಡೆಸಿದ ರಸಗ್ರಹಣ ಶಿಬಿರಗಳಲ್ಲಿ ಉತ್ತರವನ್ನು ತೆರೆಯ ಮೇಲೆಯೇ ಹುಡುಕಬೇಕಿತ್ತು.

ಅಂಥದ್ದೊಂದು ಚರ್ಚೆಯನ್ನು ನಾನು ಕಂಡದ್ದು ಊರಿನ ಕಡೆ, ಒಂದು ಕಾಲೇಜಿನ ಕೋಣೆಯಲ್ಲಿ. ಗೆಳೆಯರು ‘ತಿಥಿ’ ತೋರಿಸಿದ್ದರು. ಅತಿಥಿ ಇರಲಿಲ್ಲ, ಮೈಕೂ ಇರಲಿಲ್ಲ. ಮಗನ ಜೊತೆ ಬಂದಿದ್ದ ಹಿರಿಯ ಹೆಂಗಸೊಬ್ಬರು ಕೇಳಿದರು: ‘ತಮ್ಮಣ್ಣ ಸುಳ್ಳ ಹೇಳ್ತಾನಲ್ಲ, ಅವಗ ಹೆದರಿಕಿ ಐತೋ, ನಾಚಿಕಿ ಐತೋ?’ ಅರ್ಧ ತಾಸು ಅದೇ ನಡೆಯಿತು. ಹೆದರಿಕೆ ಎಂದವರು ಒಂದು ದೃಶ್ಯ ಹೇಳಿದರು, ನಾಚಿಕೆ ಎಂದವರು ಇನ್ನೊಂದು. ಕೊನೆಗೆ ಲ್ಯಾಪ್‌ಟಾಪಿನಲ್ಲಿ ಹಿಂದಕ್ಕೆ ಹೋಗಿ ಆ ಮುಖವನ್ನು ಮತ್ತೆ ನೋಡಿದೆವು. ತೀರ್ಮಾನವೇನೂ ಆಗಲಿಲ್ಲ. ಆದರೆ ಅಲ್ಲಿದ್ದ ಯಾರಿಗೂ ಆ ಮನುಷ್ಯ ನಟಿಸಿಲ್ಲ ಅನ್ನಿಸಿರಲಿಲ್ಲ. ಹಳ್ಳಿಯವರು ದಿನಾ ಎಷ್ಟು ನಟಿಸಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತು: ಸಾಲ ಕೇಳುವಾಗ, ಕಚೇರಿಯ ಬಾಗಿಲಲ್ಲಿ, ಬೀಗರ ಮುಂದೆ. ಅದು ಗೊತ್ತಿಲ್ಲದವರಿಗೆ ಮಾತ್ರ ಹಳ್ಳಿಯೆಂದರೆ ವೇಷವಿಲ್ಲದ ಜಾಗ.

ನಿರ್ದೇಶಕರನ್ನು ಕರೆಯಬೇಡಿ ಎನ್ನುತ್ತಿಲ್ಲ. ಬರಲಿ, ಆದರೆ ಮೊದಲ ಅರ್ಧ ತಾಸು ನಮ್ಮ ಜೊತೆ ಸಾಲಿನಲ್ಲಿ ಕೂತು ಕೇಳಲಿ. ಖರ್ಚಿನ ಲೆಕ್ಕ ಆಮೇಲೆ ಚಹಾದ ಜೊತೆ ಆಗಲಿ. ಸಾಧ್ಯವಾದರೆ ಎರಡನೆಯ ಕುರ್ಚಿಯಲ್ಲಿ ಪಾತ್ರ ಮಾಡಿದವರು ಕೂರಲಿ. ಶರಣಮ್ಮನವರು ಎದುರಿಗಿದ್ದರೆ ನನ್ನ ಪ್ರಶ್ನೆ ಒಂದೇ: ಮಾರುವಾಗ ಶಿವಮ್ಮನಿಗೆ ಆ ದನಿಯನ್ನು ಹೇಗೆ ಕೊಟ್ಟಿರಿ?