ರಕ್ಷಣೆಯ ಹೆಸರಿನಲ್ಲಿ ರೋಗದ ಕೃಷಿ
ಕೆನ್ ಅಲಿಬೆಕ್ ಅವರ ‘ಬಯೋಹಜಾರ್ಡ್’ ಗ್ರಂಥವನ್ನು ಕುರಿತು

ಅರಲ್ ಸಮುದ್ರದ ನಡುವೆ ಇದ್ದ ಒಂದು ಬರಡು ದ್ವೀಪದಲ್ಲಿ ಸಾಲುಸಾಲಾಗಿ ನೆಟ್ಟ ಕಂಬಗಳಿಗೆ ನೂರು ಕೋತಿಗಳನ್ನು ಕಟ್ಟಲಾಗಿದೆ. ದೂರದಲ್ಲಿ ಒಂದು ಮಂದವಾದ ಸ್ಫೋಟದ ಸದ್ದು. ಬಳಿಕ ಗಾಳಿಯೊಡನೆ ತೇಲಿಬರುವ ಹಳದಿ ಬಣ್ಣದ ಮೋಡ. ಅದನ್ನು ಕಂಡ ಕೋತಿಗಳು ಚೀರುತ್ತವೆ. ಕೆಲವು ಮೂಗುಬಾಯಿಗಳನ್ನು ಮುಚ್ಚಿಕೊಳ್ಳಲು ಹೆಣಗುತ್ತವೆ. ಮುಂದಿನ ದಿನಗಳಲ್ಲಿ ಅವು ಒಂದೊಂದಾಗಿ ಸಾಯುವುದನ್ನು ವಿಜ್ಞಾನಿಗಳು ಬರೆದಿಟ್ಟುಕೊಳ್ಳುತ್ತಾರೆ. ಅಲಿಬೆಕ್ ಅವರ ಗ್ರಂಥ ಆರಂಭವಾಗುವುದು ಈ ಚಿತ್ರದಿಂದ. ಅಹಿಂಸೆಯನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳು ಬಹುಮಟ್ಟಿಗೆ ಆಹಾರದ ಸುತ್ತಲೇ ಸುತ್ತುತ್ತವೆ. ಗೆಡ್ಡೆಗೆಣಸಿನ ಚರ್ಚೆಗೆ ನಾವು ಕೊಡುವ ಪುಟಗಳಲ್ಲಿ ಒಂದೆರಡನ್ನು ಈ ಪುಸ್ತಕಕ್ಕೆ ಕೊಟ್ಟರೆ ತಪ್ಪಾಗಲಾರದೆಂದು ಭಾವಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಗ್ರಂಥಕರ್ತರ ಮೂಲ ಹೆಸರು ಕನತ್‌ಜಾನ್ ಅಲಿಬೆಕೋವ್. 1950ರಲ್ಲಿ ಕಝಾಕಸ್ತಾನದಲ್ಲಿ ಹುಟ್ಟಿದ ಇವರು ಓದಿದ್ದು ವೈದ್ಯವಿದ್ಯೆ, ಸೇರಿದ್ದು ಸೈನ್ಯ. ಔಷಧ ತಯಾರಿಕೆಯ ನಾಗರಿಕ ಸಂಸ್ಥೆಯಂತೆ ಹೊರಗೆ ತೋರುತ್ತ ಒಳಗೆ ರೋಗಾಣುಗಳನ್ನು ಆಯುಧವಾಗಿ ಮಾರ್ಪಡಿಸುತ್ತಿದ್ದ ‘ಬಯೋಪ್ರೆಪರಾಟ್’ ಎಂಬ ಸೋವಿಯತ್ ಜಾಲದಲ್ಲಿ 1988ರಿಂದ 1992ರವರೆಗೆ ಎರಡನೆಯ ಸ್ಥಾನದಲ್ಲಿದ್ದರು. 1992ರಲ್ಲಿ ಅಮೆರಿಕಕ್ಕೆ ವಲಸೆ ಹೋದರು. ಪತ್ರಕರ್ತ ಸ್ಟೀಫನ್ ಹ್ಯಾಂಡೆಲ್‌ಮನ್ ಅವರ ನೆರವಿನಿಂದ ಬರೆದ ಈ ಆತ್ಮಕಥನ 1999ರಲ್ಲಿ ಪ್ರಕಟವಾಯಿತು. ಜೈವಿಕ ಶಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಸಹಿಗೆ ತೆರೆದುಕೊಂಡದ್ದು 1972ರಲ್ಲಿ. ಅದರ ಮುಖ್ಯ ಪ್ರವರ್ತಕರಲ್ಲಿ ಸೋವಿಯತ್ ಒಕ್ಕೂಟವೂ ಒಂದು. ಬಯೋಪ್ರೆಪರಾಟ್ ಹುಟ್ಟಿದ್ದು ಅದರ ಮರುವರ್ಷ. ಅಸತ್ಯವು ಹಿಂಸೆಯ ನೆರಳಿನಂತೆ ಹಿಂಬಾಲಿಸುತ್ತದೆ ಎಂದು ನಾವು ಪಂಚಾಣುವ್ರತಗಳ ಪ್ರವಚನದಲ್ಲಿ ಕೇಳುತ್ತೇವೆ. ಇಲ್ಲಿ ಮಾತ್ರ ಅಸತ್ಯವೇ ಮುಂದೆ ನಡೆದಿದೆ.

ನಮ್ಮ ದೇಶದ ಓದುಗರ ಮನಸ್ಸನ್ನು ಕಲಕುವ ಒಂದು ಸಂಗತಿ ಇದರಲ್ಲಿದೆ. ಸಿಡುಬನ್ನು ಜಗತ್ತಿನಿಂದಲೇ ನಿರ್ಮೂಲ ಮಾಡಬೇಕೆಂಬ ಸಲಹೆಯನ್ನು 1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಮುಂದಿಟ್ಟವರು ಸೋವಿಯತ್ ಪ್ರತಿನಿಧಿ. ಕೋಟ್ಯಂತರ ಪ್ರಮಾಣದ ಲಸಿಕೆಯನ್ನು ಆ ದೇಶ ದಾನವಾಗಿ ಕೊಟ್ಟಿತು. ಅದರ ಬಹುಭಾಗ ಭಾರತಕ್ಕೂ ಬಂತು. ನಮ್ಮ ಹಿರಿಯರ ತೋಳಿನ ಮೇಲಿನ ಮಚ್ಚೆಗಳಲ್ಲಿ ಆ ದಾನದ ಗುರುತೂ ಇದ್ದೀತು. 1975ರಲ್ಲಿ ಭಾರತ ಸಿಡುಬಿನಿಂದ ಮುಕ್ತವಾಯಿತು. 1980ರಲ್ಲಿ ಇಡೀ ಲೋಕವೇ ಮುಕ್ತವಾಯಿತೆಂದು ಘೋಷಣೆಯಾಯಿತು. ಅದೇ ಕಾಲದಲ್ಲಿ, ಭಾರತದಿಂದ ಕೊಂಡೊಯ್ದ ಸಿಡುಬಿನ ಒಂದು ಉಗ್ರ ತಳಿಯನ್ನು ‘ಇಂಡಿಯಾ-1’ ಎಂಬ ಗುಪ್ತನಾಮದಲ್ಲಿ ಯುದ್ಧಕ್ಕಾಗಿ ಬೆಳೆಸಲಾಗುತ್ತಿತ್ತೆಂದೂ ಅದರ ಸಂಗ್ರಹ ಇಪ್ಪತ್ತು ಟನ್ನುಗಳಷ್ಟಿತ್ತೆಂದೂ ಅಲಿಬೆಕ್ ಬರೆಯುತ್ತಾರೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಬಲ್ಲ ನಮಗೆ ಇದಕ್ಕೆ ಹೆಸರಿಡುವುದೇ ಕಷ್ಟ. ಒಂದು ಕೈ ಭೈಷಜ್ಯವನ್ನೂ ಅಭಯವನ್ನೂ ಕೊಡುತ್ತಿರುವಾಗ ಇನ್ನೊಂದು ಕೈ ಅದೇ ರೋಗಿಯ ಹುಣ್ಣಿನಿಂದ ಶಸ್ತ್ರವನ್ನು ಸಂಪಾದಿಸುತ್ತಿತ್ತು.

ಗ್ರಂಥದ ಅತ್ಯಂತ ಬಲವಾದ ಅಧ್ಯಾಯ 1979ರ ಸ್ವೆರ್ಡ್‌ಲೋವ್‌ಸ್ಕ್ ದುರಂತವನ್ನು ಕುರಿತದ್ದು. ನಮ್ಮ ರೈತರು ನೆರಡಿ ರೋಗವೆಂದು ಕರೆಯುವ ಆಂಥ್ರಾಕ್ಸಿನ ಪುಡಿಯನ್ನು ಆ ನಗರದ ಸೈನಿಕ ಕಾರ್ಖಾನೆಯಲ್ಲಿ ತಯಾರಿಸಲಾಗುತ್ತಿತ್ತು. ಹೊರಹೋಗುವ ಗಾಳಿಯನ್ನು ಸೋಸುವ ಫಿಲ್ಟರೊಂದು ಕಟ್ಟಿಕೊಂಡಿತೆಂದು ಕೆಲಸಗಾರನೊಬ್ಬ ಅದನ್ನು ತೆಗೆದು, ಹೊಸದನ್ನು ಹಾಕಬೇಕೆಂದು ಚೀಟಿ ಬರೆದಿಟ್ಟು ಮನೆಗೆ ಹೋದ. ಮೇಲಧಿಕಾರಿ ಅದನ್ನು ದಿನಚರಿ ಪುಸ್ತಕದಲ್ಲಿ ದಾಖಲಿಸಲಿಲ್ಲ. ಮುಂದಿನ ಪಾಳಿಯವರು ಪುಸ್ತಕ ನೋಡಿ ಯಂತ್ರ ಚಾಲೂ ಮಾಡಿದರು. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಾಗಲಿ ಕ್ರೌರ್ಯವನ್ನಾಗಲಿ ಮೊದಲಿಗೆ ಹೆಸರಿಸದೆ ಪ್ರಮಾದವನ್ನು ಮುಂದಿಟ್ಟದ್ದೇಕೆಂದು ಕೇಳುವ ತರುಣರಿಗೆ ಈ ಅಧ್ಯಾಯವನ್ನು ಓದಲು ಕೊಡಬಹುದು. ಒಂದು ಸಾಲು ಬರೆಯದೆ ಬಿಟ್ಟದ್ದರಿಂದ ಕನಿಷ್ಠ 66 ಮಂದಿ ಸತ್ತರು. ಕೆಟ್ಟ ಮಾಂಸ ತಿಂದು ಸತ್ತರೆಂದು ಸರಕಾರ ಹದಿಮೂರು ವರ್ಷ ಹೇಳಿತು. 1992ರಲ್ಲಿ ಅಧ್ಯಕ್ಷ ಯೆಲ್ತ್‌ಸಿನ್ ಸೈನ್ಯವೇ ಕಾರಣವೆಂದು ಒಪ್ಪಿಕೊಂಡರು.

ಆದರೆ ವಿಮರ್ಶಕನು ಇಲ್ಲಿಯೇ ಎಚ್ಚರ ವಹಿಸಬೇಕು. ಫಿಲ್ಟರಿನ ಕಥೆ ಅಲಿಬೆಕ್ ಅವರು ಕಂಡದ್ದಲ್ಲ, ಸಹೋದ್ಯೋಗಿಗಳಿಂದ ಕೇಳಿದ್ದು. ಅವರು ಹೇಳುವ ದಿನ ಮಾರ್ಚ್ ಕೊನೆಯ ಶುಕ್ರವಾರ. ಅಮೆರಿಕದ ವಿಜ್ಞಾನಿ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಸಂಗಡಿಗರು 1992 ಮತ್ತು 1993ರಲ್ಲಿ ಆ ನಗರಕ್ಕೆ ಹೋಗಿ, ಸತ್ತವರು ಆ ದಿನಗಳಲ್ಲಿ ಎಲ್ಲೆಲ್ಲಿ ಇದ್ದರೆಂಬುದನ್ನು ಮನೆಮನೆಗೆ ಹೋಗಿ ವಿಚಾರಿಸಿ, ಗಾಳಿಯ ದಿಕ್ಕಿನ ದಾಖಲೆಗಳೊಡನೆ ಹೋಲಿಸಿ ನಿರ್ಣಯಿಸಿದ್ದು ಏಪ್ರಿಲ್ 2, ಸೋಮವಾರ. ಸತ್ತ ಮನುಷ್ಯರು ಕಾರ್ಖಾನೆಯಿಂದ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಒಂದು ಕಿರಿದಾದ ಪಟ್ಟಿಯಲ್ಲಿದ್ದರು. ಅದೇ ರೇಖೆಯನ್ನು ಮುಂದಕ್ಕೆ ಎಳೆದರೆ ಐವತ್ತು ಕಿಲೋಮೀಟರ್ ದೂರದವರೆಗೆ ಹಳ್ಳಿಗಳಲ್ಲಿ ಕುರಿಗಳೂ ದನಗಳೂ ಸತ್ತಿದ್ದವು. ಇಷ್ಟಕ್ಕೂ ಹೊರಬಿದ್ದ ರೋಗಾಣುಗಳ ತೂಕ ಒಂದು ಗ್ರಾಮಿಗಿಂತ ಕಡಿಮೆ ಇದ್ದಿರಬಹುದೆಂಬುದು ಅವರ 1994ರ ಲೇಖನದ ಅಂದಾಜು.

ಇದಕ್ಕಿಂತ ಮೊದಲೇ ಆ ಊರಿನ ಇಬ್ಬರು ಶವಪರೀಕ್ಷಕ ವೈದ್ಯರು, ಫೈನಾ ಅಬ್ರಮೋವಾ ಮತ್ತು ಲೆವ್ ಗ್ರಿನ್‌ಬರ್ಗ್, 42 ಮೃತರ ದೇಹಗಳಿಂದ ತೆಗೆದ ಅಂಗಾಂಶಗಳನ್ನೂ ಟಿಪ್ಪಣಿಗಳನ್ನೂ ಗುಪ್ತಚರರ ಕಣ್ಣು ತಪ್ಪಿಸಿ ಕಾಪಾಡಿಕೊಂಡಿದ್ದರು. ರೋಗ ಹೊಟ್ಟೆಗೆ ಹೋದದ್ದಲ್ಲ, ಉಸಿರಿನೊಡನೆ ಹೋದದ್ದು ಎಂಬುದು ಅವುಗಳಿಂದ ಸಿದ್ಧವಾಯಿತು. ಆಜ್ಞೆಯಂತೆ ನಡೆದು ದೊಡ್ಡವರಾದ ಅಲಿಬೆಕ್ ಅವರ ಕಥೆಯನ್ನು ಲೋಕವೆಲ್ಲ ಓದಿತು. ಆಜ್ಞೆಗೆ ಮಣಿಯದೆ ಸತ್ಯವನ್ನು ಗಾಜಿನ ಬಾಟಲಿಗಳಲ್ಲಿ ಉಳಿಸಿದ ಈ ಇಬ್ಬರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1942ರಲ್ಲಿ ಸ್ಟಾಲಿನ್‌ಗ್ರಾಡಿನ ಬಳಿ ಹಬ್ಬಿದ ಟುಲರೀಮಿಯಾ ರೋಗವನ್ನು ಸೋವಿಯತ್ ಸೈನ್ಯವೇ ಹರಡಿತೆಂಬ ಗ್ರಂಥದ ಊಹೆಯೂ ದುರ್ಬಲವಾದುದು. ಯುದ್ಧದಿಂದಾಗಿ ಕೊಯ್ಯದೆ ಉಳಿದ ಪೈರಿನಲ್ಲಿ ಇಲಿಗಳು ವಿಪರೀತವಾಗಿ ಹೆಚ್ಚಿದ್ದರಿಂದ ರೋಗ ತಾನಾಗಿಯೇ ಹಬ್ಬಿರಬಹುದೆಂದು ಇತರ ವಿದ್ವಾಂಸರು ಆಕ್ಷೇಪಿಸಿದ್ದಾರೆ. ತಾನು ಬಲ್ಲ ಒಂದು ವಿಷಯ ಎಲ್ಲೆಲ್ಲಿಯೂ ಕಾಣುವುದು ಏಕಾಂತದೃಷ್ಟಿಯ ಸ್ವಭಾವ.

ಮತ್ತೊಂದು ಪ್ರಕರಣವನ್ನು ಓದಿ ನಾನು ಪುಸ್ತಕವನ್ನು ಕೆಲಹೊತ್ತು ಮುಚ್ಚಿಟ್ಟೆ. 1988ರಲ್ಲಿ ಸೈಬೀರಿಯಾದ ‘ವೆಕ್ಟರ್’ ಸಂಸ್ಥೆಯ ನಿಕೊಲಾಯ್ ಉಸ್ತಿನೋವ್ ಎಂಬ ವಿಜ್ಞಾನಿ ಪ್ರಯೋಗದ ಪ್ರಾಣಿಗೆ ಮಾರ್‌ಬರ್ಗ್ ವೈರಾಣುವನ್ನು ಚುಚ್ಚುವಾಗ ಸೂಜಿ ತನ್ನ ಕೈಗೇ ತಗುಲಿ, ಎರಡು ವಾರಗಳ ಯಾತನೆಯ ನಂತರ ತೀರಿಕೊಂಡರು. ಅವರ ದೇಹದಿಂದ ತೆಗೆದ ವೈರಾಣು ಮೊದಲಿನದಕ್ಕಿಂತ ಉಗ್ರವಾಗಿತ್ತು. ಸಂಸ್ಥೆಯವರು ಅದನ್ನು ಜೋಪಾನವಾಗಿ ಬೆಳೆಸಿ, ಮೃತರ ಹೆಸರಿನ ಮೊದಲ ಅಕ್ಷರವನ್ನೇ ಇಟ್ಟು ‘ಯು ಮಾದರಿ’ ಎಂದು ಕರೆದರೆಂದು ಅಲಿಬೆಕ್ ತಿಳಿಸುತ್ತಾರೆ. ತಿಳಿಸುವ ಧಾಟಿಯಲ್ಲಿ ಕಂಪನವಿಲ್ಲ.

ಇನ್ನು ಈ ಗ್ರಂಥ ನಮ್ಮೆದುರು ಇಡುವ ನಿಜವಾದ ಪ್ರಶ್ನೆಗೆ ಬರೋಣ. ಇಷ್ಟನ್ನೆಲ್ಲ ಮಾಡಿದ ವೈದ್ಯರು ತಮ್ಮನ್ನು ಹಿಂಸಕರೆಂದು ಭಾವಿಸಿರಲಿಲ್ಲ. ಅಮೆರಿಕವು 1969ರಲ್ಲಿ ಜೈವಿಕ ಶಸ್ತ್ರಗಳನ್ನು ತ್ಯಜಿಸಿದ್ದು ಬರೀ ನಾಟಕ. ನಾವು ಮಾಡುತ್ತಿರುವುದು ದೇಶರಕ್ಷಣೆ ಎಂಬುದು ಅವರ ನಂಬಿಕೆ. 1991ರ ಡಿಸೆಂಬರಿನಲ್ಲಿ ಅಮೆರಿಕದ ಹಳೆಯ ಕೇಂದ್ರಗಳನ್ನು ಸ್ವತಃ ಕಂಡಾಗ ಅಲ್ಲಿ ಅಂಥದೇನೂ ಉಳಿದಿಲ್ಲವೆಂದು ಅಲಿಬೆಕ್ ಅವರಿಗೆ ಮನವರಿಕೆಯಾಯಿತು. ನಮ್ಮ ಶಾಸ್ತ್ರಗಳು ಭಯವನ್ನು ನೋಕಷಾಯಗಳಲ್ಲಿ ಎಣಿಸುತ್ತವೆ. ಕ್ರೋಧದ ಹಾಗೆ ಭಯವೂ ಕರ್ಮಬಂಧಕ್ಕೆ ಕಾರಣ. ಇಲ್ಲದ ಶತ್ರುವಿನ ಭಯದಿಂದ, ಅವರೇ ಕೊಡುವ ಲೆಕ್ಕದಂತೆ, ಮೂವತ್ತು ಸಾವಿರಕ್ಕೂ ಹೆಚ್ಚು ಜನ ದುಡಿದರು.

ಗೃಹಸ್ಥನಿಗೆ ವಿರೋಧೀ ಹಿಂಸೆ ಪೂರ್ಣವಾಗಿ ನಿಷಿದ್ಧವಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ದಂಡನಾಯಕನಾಗಿದ್ದವನು. ಸರಿಯೇ. ಆದರೆ ಚಾವುಂಡರಾಯನ ಎದುರಿಗೆ ನಿಂತವನ ಕೈಯಲ್ಲಿ ಆಯುಧವಿತ್ತು, ಅವನಿಗೊಂದು ಮುಖವಿತ್ತು, ಶರಣಾಗುವ ಅವಕಾಶವಿತ್ತು. ರೋಗವನ್ನು ಗಾಳಿಗೆ ತೂರುವವನಿಗೆ ವಿರೋಧಿ ಯಾರು? ತೊಟ್ಟಿಲಿನ ಮಗುವೇ, ಐವತ್ತು ಕಿಲೋಮೀಟರ್ ಆಚೆಯ ಕುರಿಯೇ? ವಿರೋಧಿಯೇ ಇಲ್ಲದ ಕಡೆ ವಿರೋಧೀ ಹಿಂಸೆ ಎಂಬ ಮಾತಿಗೆ ಅರ್ಥವಿಲ್ಲ. ಉಳಿಯುವುದು ಸಂಕಲ್ಪೀ ಹಿಂಸೆ. ಅದಕ್ಕೆ ಶ್ರಾವಕನಿಗೂ ರಿಯಾಯಿತಿಯಿಲ್ಲ.

ಹಾಗಾದರೆ ರಕ್ಷಣೆಗಾಗಿ ಸಿದ್ಧತೆ ಬೇಡವೇ? ಬೇಡವೆಂದು ಹೇಳುವುದು ಸುಲಭದ ಧಾರ್ಮಿಕತೆಯಾದೀತು. ರೋಗಾಣುವನ್ನು ಬಲ್ಲದೆ ಲಸಿಕೆ ಮಾಡಲಾಗದು. 1972ರ ಒಪ್ಪಂದವೂ ರೋಗನಿರೋಧ ಮತ್ತು ರಕ್ಷಣೆಯ ಉದ್ದೇಶಕ್ಕೆ ಅವಕಾಶ ಕೊಟ್ಟಿದೆ. ತೊಡಕಿರುವುದು, ಉದ್ದೇಶವನ್ನು ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿ ಇಲ್ಲದಿರುವುದರಲ್ಲಿ. ಪರಸ್ಪರ ತಪಾಸಣೆಯ ನಿಯಮಗಳಿಗಾಗಿ ವರ್ಷಗಟ್ಟಲೆ ನಡೆದ ಮಾತುಕತೆ 2001ರ ಬೇಸಿಗೆಯಲ್ಲಿ ಅಮೆರಿಕದ ನಿರಾಕರಣೆಯಿಂದ ಮುರಿದುಬಿತ್ತು. ಅದೇ ವರ್ಷದ ಶರತ್ಕಾಲದಲ್ಲಿ ಅಮೆರಿಕದಲ್ಲಿಯೇ ಅಂಚೆ ಲಕೋಟೆಗಳ ಮೂಲಕ ಆಂಥ್ರಾಕ್ಸ್ ಹರಡಿ ಐವರು ಸತ್ತರು, ಹದಿನೇಳು ಜನ ಕಾಯಿಲೆ ಬಿದ್ದರು. ತನಿಖೆಯ ಕೊನೆಗೆ ಅಲ್ಲಿನ ಪೊಲೀಸರು ಬೆರಳು ಮಾಡಿದ್ದು ಸೈನ್ಯದ ರಕ್ಷಣಾ ಪ್ರಯೋಗಾಲಯದಲ್ಲಿ ಆಂಥ್ರಾಕ್ಸ್ ಲಸಿಕೆಗಾಗಿಯೇ ದುಡಿಯುತ್ತಿದ್ದ ಒಬ್ಬ ವಿಜ್ಞಾನಿಯ ಕಡೆಗೆ. 2008ರಲ್ಲಿ ಆತ ತೀರಿಕೊಂಡದ್ದರಿಂದ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಲಿಲ್ಲ. ವೈಜ್ಞಾನಿಕ ಸಾಕ್ಷ್ಯ ಒಂದರಿಂದಲೇ ನಿರ್ಣಯಿಸಲಾಗದೆಂದು ತಜ್ಞರ ಸಮಿತಿ ನಂತರ ಹೇಳಿತು. ಆತ ತಪ್ಪಿತಸ್ಥನೋ ಅಲ್ಲವೋ, ಆ ಲಕೋಟೆಗಳ ಬಳಿಕ ಅಂಥ ಪ್ರಯೋಗಾಲಯಗಳು ಅಮೆರಿಕದಲ್ಲಿ ಹೆಚ್ಚುತ್ತಲೇ ಹೋದವು.

ಅಲಿಬೆಕ್ ಅವರ ಗ್ರಂಥ ಇದಕ್ಕೆ ಮುಂಚಿನದು. ಇದನ್ನು ಅವರು ಊಹಿಸಬೇಕಿತ್ತೆಂದು ನಾನು ಹೇಳಲಾರೆ. ಆದರೆ ಔಷಧ ಕಾರ್ಖಾನೆಯ ಹಲಗೆಯ ಹಿಂದೆ ಇಪ್ಪತ್ತು ವರ್ಷ ಶಸ್ತ್ರ ತಯಾರಾದುದನ್ನು ಬಲ್ಲವರು, ಕೊನೆಯ ಪುಟಗಳಲ್ಲಿ ರಕ್ಷಣಾ ಸಂಶೋಧನೆಯನ್ನು ಹೆಚ್ಚಿಸಬೇಕೆಂದು ವಾದಿಸುವಾಗ, ಆ ರಕ್ಷಣೆಯನ್ನು ಕಾಯುವವರು ಯಾರೆಂಬುದನ್ನು ವಿಚಾರಿಸಬೇಕಿತ್ತು. ಅದನ್ನು ಅವರಿಗಿಂತ ಚೆನ್ನಾಗಿ ಯಾರು ಬಲ್ಲರು? ಗ್ರಂಥದ ದೊಡ್ಡ ಕೊರತೆ ಇದೇ.

ಈ ಸಂದರ್ಭದಲ್ಲಿ ನಮ್ಮವನೇ ಆದ ಮಂಗರಾಜ ನೆನಪಾಗುತ್ತಾನೆ. ಹದಿನಾಲ್ಕನೆಯ ಶತಮಾನದ ಈ ಜೈನಕವಿ ಕನ್ನಡದಲ್ಲಿ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ಬರೆದ. ವಿಷಗಳನ್ನು ಬಲ್ಲವನು, ಹೆಸರಿಟ್ಟು ವಿಂಗಡಿಸಿದವನು. ಆದರೆ ಅವನಲ್ಲಿ ವಿಷದ ತಿಳಿವು ಚಿಕಿತ್ಸೆಗಾಗಿ ಬಂದುದು, ಓದಬಲ್ಲ ಎಲ್ಲರಿಗಾಗಿ ದೇಶಭಾಷೆಯಲ್ಲಿ ಬಿಚ್ಚಿಟ್ಟದ್ದು. ಮದ್ದನ್ನು ನೆಪಮಾಡಿಕೊಂಡು ವಿಷವನ್ನು ರಾಶಿ ಹಾಕಿಕೊಂಡವನಲ್ಲ. ರಕ್ಷಣೆ ಎನಿಸಿಕೊಳ್ಳುವ ಯಾವುದೇ ಸಿದ್ಧತೆಗೆ ಹಾಕಬೇಕಾದ ಒರೆಗಲ್ಲು ಇದು: ಅದು ಪರರ ಕಣ್ಣಿಗೆ ತೆರೆದಿದೆಯೆ, ಮತ್ತು ಅದರ ಫಲ ಶತ್ರುವೆನಿಸಿಕೊಂಡವನ ಮಗುವಿಗೂ ದೊರೆಯುತ್ತದೆಯೆ? ಗುಪ್ತವಾಗಿ ಹೊಸ ರೋಗಗಳನ್ನು ಕಲ್ಪಿಸಿ ಸೃಷ್ಟಿಸಿ, ನಾಳೆ ಶತ್ರು ಇದನ್ನು ಮಾಡಿಯಾನೆಂದು ಸಮರ್ಥಿಸುವ ಕೆಲಸ ಈ ಒರೆಗೆ ನಿಲ್ಲಲಾರದು. ಸಾಂಕ್ರಾಮಿಕಗಳನ್ನು ಮೊದಲೇ ಪತ್ತೆಹಚ್ಚುವ ಜಿಲ್ಲಾ ಪ್ರಯೋಗಾಲಯ, ಲಸಿಕೆ, ಸಾಕಷ್ಟು ದಾದಿಯರಿರುವ ಆಸ್ಪತ್ರೆ ಇವು ನಿಲ್ಲುತ್ತವೆ. ರೋಗ ಯುದ್ಧದಿಂದ ಬಂದರೂ ತಾನಾಗಿ ಬಂದರೂ ಬೇಕಾಗುವುದು ಇವೇ. 2021ರ ಬೇಸಿಗೆಯಲ್ಲಿ ಆಮ್ಲಜನಕದ ಒಂದು ಸಿಲಿಂಡರಿಗಾಗಿ ಊರೂರು ಅಲೆದ ಕುಟುಂಬಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒಂದು ತೊಡಕನ್ನು ಮರೆಮಾಚಲಾರೆ. ಲಸಿಕೆಯ ಪರೀಕ್ಷೆಯಲ್ಲಿಯೂ ಪಂಚೇಂದ್ರಿಯ ಪ್ರಾಣಿಗಳು ಸಾಯುತ್ತವೆ. ಅರಲ್ ದ್ವೀಪದ ಕೋತಿಗೂ ಲಸಿಕೆ ಪರೀಕ್ಷೆಯ ಕೋತಿಗೂ ನೋವಿನಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಮನುಷ್ಯನ ಭಾವದಲ್ಲಿ. ಭಾವಹಿಂಸೆ ದ್ರವ್ಯಹಿಂಸೆಗಳ ವಿವೇಚನೆ ನಮಗೆ ಸ್ವಲ್ಪ ನೆರವಾಗುತ್ತದೆ, ಆದರೆ ಕೋತಿಗೆ ಆಗುವುದಿಲ್ಲ. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಮುನಿಗಳೂ ವಿದ್ವಾಂಸರೂ ಈ ಪುಟಗಳಲ್ಲಿ ಚರ್ಚಿಸಿದರೆ ಉಪಕಾರವಾದೀತು.

ಗುರುವಿನ ಮುಂದೆ ದೋಷವನ್ನು ನಿವೇದಿಸುವ ಆಲೋಚನೆಗೆ ಹತ್ತು ದೋಷಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಸ್ಥೂಲವಾದ ತಪ್ಪುಗಳನ್ನು ಹೇಳಿ ಸೂಕ್ಷ್ಮವಾದುವನ್ನು ಮುಚ್ಚಿಡುವ ‘ಬಾದರ’ವೂ ಅವುಗಳಲ್ಲೊಂದು. ಅಲಿಬೆಕ್ ಅವರು ಟನ್ನುಗಟ್ಟಲೆ ರೋಗಾಣುಗಳ ಲೆಕ್ಕವನ್ನು ಮರೆಮಾಚದೆ ಒಪ್ಪಿಸಿದ್ದಾರೆ. ಸ್ಟೆಪ್‌ನೊಗೋರ್ಸ್ಕಿನಲ್ಲಿ ತಾವು ಸಿದ್ಧಪಡಿಸಿದ ಆಂಥ್ರಾಕ್ಸಿನ ಬಗ್ಗೆ ಬರೆಯುವಾಗ ವಾಕ್ಯಗಳ ನಡುವೆ ಇಣುಕುವ ಕುಶಲಿಯ ಹೆಮ್ಮೆಯನ್ನು ಮಾತ್ರ ಒಪ್ಪಿಸಿಲ್ಲ. ಆದರೂ ಇದು ಓದಬೇಕಾದ ಪುಸ್ತಕ. ಜೀವವಿಜ್ಞಾನ ಓದುತ್ತಿರುವ ಮಕ್ಕಳಿರುವ ಮನೆಗಳಲ್ಲಿ ಹಿರಿಯರು ಮೊದಲು ಓದಿ ಬಳಿಕ ಮಕ್ಕಳ ಕೈಗೆ ಕೊಡಲಿ. ಇಂಥ ವಿದ್ಯಾರ್ಥಿಗಳಿಗೆ ವೇತನ ಕೊಡುವ ನಮ್ಮ ಬಸದಿಗಳ ಟ್ರಸ್ಟುಗಳು ಅರ್ಜಿಯಲ್ಲಿ ಅಂಕಗಳನ್ನೂ ತಂದೆಯ ಆದಾಯವನ್ನೂ ಕೇಳುತ್ತವೆ. ಸಂದರ್ಶನಕ್ಕೆ ಕರೆದಾಗ ಈ ಪುಸ್ತಕವನ್ನು ಮುಂದಿಟ್ಟು, ಫಿಲ್ಟರಿನ ಚೀಟಿ ನಿನ್ನ ಕೈಗೆ ಬಂದಿದ್ದರೆ ಏನು ಮಾಡುತ್ತಿದ್ದೆಯೆಂದು ಒಂದು ಮಾತು ಕೇಳಬಹುದು.