ಅಲ್ಹಾಂಬ್ರದಲ್ಲೊಂದು ಬಿಡಾರ

ನಾಲ್ಕು ದಿನದಲ್ಲಿ ಎಂಟು ಊರು ಸುತ್ತಿ ಬರೆಯುವ ಪ್ರವಾಸ ಕಥನಗಳ ನಡುವೆ, ಒಂದೇ ಊರಿನಲ್ಲಿ ಬಿಡಾರ ಹೂಡಿ ಬರೆದ ಹಳೆಯ ಪುಸ್ತಕವೊಂದನ್ನು ವಾಚಕರ ಮುಂದಿಡಲು ನಮಗೆ ಸಂತೋಷ. ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗ್ 1829ರಲ್ಲಿ ಸ್ಪೇನಿನ ಗ್ರಾನಾಡ ನಗರಕ್ಕೆ ಹೋಗಿ, ಗುಡ್ಡದ ಮೇಲಣ ಅಲ್ಹಾಂಬ್ರ ಅರಮನೆಯಲ್ಲೇ ಸುಮಾರು ಮೂರು ತಿಂಗಳು ವಾಸವಾಗಿದ್ದ. 1832ರಲ್ಲಿ ಹೊರಬಂದ ‘ಅಲ್ಹಾಂಬ್ರ’ ಆ ವಾಸದ ಫಲ.

ಮುಸಲ್ಮಾನ ಅರಸರು ಕಟ್ಟಿದ ಈ ಅರಮನೆ 1492ರಲ್ಲಿ ಕ್ರೈಸ್ತ ದೊರೆಗಳ ಕೈಸೇರಿತ್ತು. ಅರ್ವಿಂಗ್ ಹೋದಾಗ ಅರೆಪಾಳು. ಅಲ್ಲಿನ ಅಧಿಕಾರಿ ತನ್ನ ಪಾಲಿನ ಕೋಣೆಗಳನ್ನೇ ಈತನಿಗೆ ಬಿಟ್ಟುಕೊಟ್ಟ. ಪಗಡಿ ಕೊಟ್ಟು ಚಾಳಿನಲ್ಲಿ ಕೋಣೆ ಹಿಡಿದ ನಮ್ಮವರಿಗೆ ಇದನ್ನೋದಿ ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ!

ಪುಸ್ತಕದ ಜೀವಾಳ ಅರಮನೆಯ ಕೆತ್ತನೆಯಲ್ಲಿಲ್ಲ, ಪಾಳು ಗೋಡೆಗಳ ಸಂದಿಯಲ್ಲಿ ಸಂಸಾರ ಹೂಡಿದ್ದ ಬಡವರಲ್ಲಿದೆ. ಮನೆವಾರ್ತೆ ನೋಡುವ ಅಂತೋನಿಯ ಅತ್ತೆ. ಗೋಪುರದ ತುದಿಯಿಂದ ಗಾಳಕ್ಕೆ ನೊಣ ಸಿಕ್ಕಿಸಿ ಆಕಾಶದಲ್ಲಿ ಹಕ್ಕಿ ಹಿಡಿಯುವ ಪೋಕರಿಗಳು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹೊಲಿಗೆ ಹಾಕುತ್ತ ಹಾಡುವ ಪುಟ್ಟ ಮುದುಕಿ. ತನಗೆ ಐದೂವರೆ ಮಂದಿ ಗಂಡಂದಿರೆಂದು ಆಕೆಯ ಲೆಕ್ಕ. ಮದುವೆಗೆ ಮುನ್ನವೇ ತೀರಿಕೊಂಡ ಸಿಪಾಯಿ ಅರ್ಧ!

ಆದರೆ ಇವರ ಬಡತನ ಲೇಖಕನಿಗೆ ಬರಿಯ ಬಣ್ಣವಾಗಿಬಿಡುತ್ತದೆ. ಕಡುಬಡವರಿಗೂ ದೊಡ್ಡ ಶ್ರೀಮಂತರಿಗೂ ಬದುಕೆಲ್ಲ ರಜೆಯೇ ಎಂದು ಆತ ತಮಾಷೆ ಮಾಡುತ್ತಾನೆ. ಸಂಬಳದ ತಾರೀಖಿಗೆ ಕಾಯುವವನ ಬಾಯಿಂದ ಇಂಥ ಮಾತು ಹೊರಡುವುದುಂಟೆ?

ಈ ದೋಷಕ್ಕೆ ಮದ್ದೂ ಪುಸ್ತಕದಲ್ಲೇ ಇದೆ. ಅರ್ವಿಂಗ್ ಬಾಲ್ಕನಿಯಲ್ಲಿ ಕುಳಿತು ದುರ್ಬೀನು ಹಿಡಿದು ಕೆಳಗಿನ ಊರನ್ನು ನೋಡುವವನು. ಒಂದು ದಿನ, ಸನ್ಯಾಸಿನಿಯರ ಮಠ ಸೇರಲು ಮೆರವಣಿಗೆಯಲ್ಲಿ ಹೋಗುವ ಹೆಣ್ಣೊಬ್ಬಳು ಕಣ್ಣಿಗೆ ಬೀಳುತ್ತಾಳೆ. ಕ್ರೂರಿ ತಂದೆ, ಅಗಲಿದ ಪ್ರಿಯಕರ ಎಂದೆಲ್ಲ ಒಂದು ದುಃಖಕಥೆ ಆತನ ಮನಸ್ಸಿನಲ್ಲೇ ಸಿದ್ಧವಾಗುತ್ತದೆ. ಅಲ್ಲಿಯೇ ಹುಟ್ಟಿ ಬೆಳೆದ ಹರಕು ಬಟ್ಟೆಯ ಮತೆಯೊ ಊರಿಗಿಳಿದು ವಿಚಾರಿಸಿ ಬರುತ್ತಾನೆ: ಆಕೆ ಎಳೆಯಳಲ್ಲ, ಚೆಲುವೆಯಲ್ಲ, ಪ್ರಿಯಕರನೂ ಇಲ್ಲ, ತಾನಾಗಿ ಮಠ ಸೇರಿ ಹಾಯಾಗಿದ್ದಾಳೆ. ತನ್ನ ಪೆಚ್ಚನ್ನು ಮರೆಮಾಚದೆ ಬರೆದದ್ದು ಅರ್ವಿಂಗನ ದೊಡ್ಡತನ. ಊರಲ್ಲಿರುವುದು ಬೇರೆ, ಊರವನಾಗುವುದು ಬೇರೆ ಎಂಬುದನ್ನು ಇಷ್ಟು ನಗುನಗುತ್ತ ಹೇಳಿದ ಪ್ರವಾಸಿಯನ್ನು ನಾವು ಬೇರೆಲ್ಲೂ ಕಂಡಿಲ್ಲ. ಇಪ್ಪತ್ತು ವರ್ಷ ಕಳೆದರೂ ಪಕ್ಕದ ಮನೆಯವರನ್ನು ಕಿಟಕಿಯಿಂದಲೇ ಬಲ್ಲ ನಮ್ಮಂಥವರಿಗೆ ಈ ಪುಟಗಳು ಚುಚ್ಚದೆ ಬಿಡವು.

ಉಳಿದ ಪುಟಗಳಲ್ಲಿ ಹೂತಿಟ್ಟ ನಿಧಿ, ಮಾಟಕ್ಕೆ ಸಿಕ್ಕಿದ ಸೈನ್ಯ ಇತ್ಯಾದಿ ಕಥೆಗಳಿವೆ. ಒಂದೆರಡು ಸೊಗಸು, ಮಿಕ್ಕವು ಒಂದೇ ಅಚ್ಚಿನವು. ಗಡೀಪಾರಾದ ಮುಸಲ್ಮಾನರ ಬಗ್ಗೆ ಲೇಖಕನಿಗಿರುವ ಮರುಕ ಮಾತ್ರ ಎಲ್ಲೆಡೆ ನಿಜವಾದುದು. 1851ರಲ್ಲಿ ಆತನೇ ತಿದ್ದಿ ಬೆಳೆಸಿದ ಆವೃತ್ತಿ ಇನ್ನೂ ದಪ್ಪ. ಬಾಲ್ಕನಿಯ ಅಧ್ಯಾಯವನ್ನೂ ಅರಮನೆಯ ನಿವಾಸಿಗಳ ಅಧ್ಯಾಯವನ್ನೂ ಮೊದಲು ಓದಿ; ನಿಧಿಯ ಕಥೆಗಳನ್ನು ರಜೆಯಲ್ಲಿ ಮಕ್ಕಳಿಗೆ ಬಿಡಬಹುದು.